ಸೆಳವು ಕಳೆದ ಮೇಲೆ ಬೆಕ್ಕು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಣ ಬಯಲಿನಲ್ಲಿ ಕಬ್ಬು ಮತ್ತು ಗೋವಿನಜೋಳದ ಹೊಲಗಳು ಊರಿನ ಅಂಚಿನವರೆಗೂ ಹಬ್ಬಿರುತ್ತವೆ. ಬೆಳೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಕಾಳು ಕೂಡಿಡುವ ಮನೆಗಳಲ್ಲಿ ಬೆಕ್ಕನ್ನು ಮುದ್ದಿಗಿಂತ ಹೆಚ್ಚಾಗಿ ಕೆಲಸಕ್ಕಾಗಿಯೇ ಸಾಕುವುದು ವಾಡಿಕೆ. ಹೀಗೆ ಹಲವು ವರ್ಷ ಮನೆಯಲ್ಲಿದ್ದ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ನೆಲಕ್ಕೆ ಉರುಳಿ, ಮೈ ಸೆಟೆದು, ಈಜುವಂತೆ ಕಾಲುಗಳನ್ನು ಬಡಿದು, ಬಾಯಲ್ಲಿ ನೊರೆ ಸುರಿಸಿ, ಬಿದ್ದಲ್ಲಿಯೇ ಮೂತ್ರ ಬಿಟ್ಟು, ಒಂದೆರಡು ನಿಮಿಷಗಳಲ್ಲಿ ಸುಮ್ಮನಾಗುವುದುಂಟು. ಇದನ್ನು ಸೆಳವು ಎನ್ನುತ್ತಾರೆ. ಇಂತಹ ಸೆಳವುಗಳು ಮರಳಿ ಮರಳಿ ಬರುವ ಸ್ಥಿತಿಗೆ ಅಪಸ್ಮಾರ ಅಥವಾ ಮೂರ್ಛೆರೋಗ ಎಂಬ ಹೆಸರಿದೆ.

ಆದರೆ ನೋಡಿದವರನ್ನು ಹೆಚ್ಚು ಬೆರಗುಗೊಳಿಸುವುದು ಸೆಳವಲ್ಲ. ಸೆಳವು ನಿಂತ ಮೇಲಿನ ಹೊತ್ತು. ಎದ್ದು ನಿಂತ ಬೆಕ್ಕು ಗೋಡೆಗೆ ಹಾಯುತ್ತದೆ. ಹುಟ್ಟಿ ಬೆಳೆದ ಮನೆಯಲ್ಲಿಯೇ ದಾರಿ ತಪ್ಪಿದಂತೆ ಗಿರಗಿರನೆ ಸುತ್ತುತ್ತದೆ. ದಿನವೂ ಹಾಲು ಹಾಕುವವರನ್ನು ಕಂಡು ಕೂದಲು ನಿಮಿರಿಸಿ ಬುಸುಗುಟ್ಟುತ್ತದೆ; ಎತ್ತಿಕೊಳ್ಳಲು ಹೋದರೆ ಕಚ್ಚುತ್ತದೆ. ಕೆಲವು ಬೆಕ್ಕುಗಳು ಅಟ್ಟದ ಕತ್ತಲೆ ಮೂಲೆ ಸೇರುತ್ತವೆ. ಕೆಲವು ಎಷ್ಟೋ ದಿನ ಉಪವಾಸವಿದ್ದಂತೆ ತಿನ್ನುತ್ತವೆ. ಮತ್ತೆ ಕೆಲವು ದೀರ್ಘನಿದ್ರೆಯಲ್ಲಿ ಮುಳುಗುತ್ತವೆ. ಇದನ್ನು ಕಂಡವರಲ್ಲಿ ಒಬ್ಬರು ಗಾಳಿ ಸೋಕಿತೆನ್ನುತ್ತಾರೆ, ಮತ್ತೊಬ್ಬರು ಹುಚ್ಚು ಹಿಡಿಯಿತೆನ್ನುತ್ತಾರೆ. ಬಡಿಗೆ ಹಿಡಿದು ಹೊರಗಟ್ಟುವವರೂ ಇದ್ದಾರೆ. ಕೆಲವು ಗಂಟೆ ತಾಳಿದ್ದರೆ ತಾನಾಗಿಯೇ ಹಿಂದಿನಂತಾಗಬಹುದಾಗಿದ್ದ ಪ್ರಾಣಿ ಹೀಗೆ ಬೀದಿಪಾಲಾಗುತ್ತದೆ.

ಈ ವರ್ತನೆಗೆ ವೈದ್ಯಶಾಸ್ತ್ರದಲ್ಲಿ ಒಂದು ಸ್ಥಾನವಿದೆ. ಸೆಳವು ಮುಗಿದ ಕ್ಷಣದಿಂದ ಪ್ರಾಣಿ ಸಹಜಸ್ಥಿತಿಗೆ ಮರಳುವವರೆಗಿನ ಅವಧಿಯನ್ನು ಸೆಳವಿನ ಉತ್ತರಾವಸ್ಥೆ ಎಂದು ಕರೆಯಬಹುದು. ಅದು ಕೆಲವು ನಿಮಿಷಗಳಿಂದ ಹಲವು ಗಂಟೆಗಳವರೆಗೆ, ಅಪರೂಪಕ್ಕೆ ಒಂದೆರಡು ದಿನಗಳವರೆಗೂ ಇರುತ್ತದೆ. ಆಗ ಬೆಕ್ಕಿನ ಸ್ವಭಾವ ಬದಲಾಗಿರುವುದಿಲ್ಲ. ಅದರ ಮಿದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಹೊತ್ತಿಗೆ ಕೆಲಸಕ್ಕೆ ಮರಳುತ್ತಿರುತ್ತವೆ, ಅಷ್ಟೆ. ಇದು ಹೇಗೆಂಬುದನ್ನು ತಿಳಿಯಲು ಮೊದಲು ಮಿದುಳಿನ ವಿದ್ಯುತ್ತಿನ ಕಡೆ ಕಣ್ಣು ಹಾಯಿಸಬೇಕು.

ನರಕೋಶದ ವಿದ್ಯುತ್ತು

ಬೆಕ್ಕಿನ ಮಿದುಳಿನ ತೂಕ ಸುಮಾರು ೩೦ ಗ್ರಾಂ. ಅದರ ಹೊರಪದರದಲ್ಲಿಯೇ ಸುಮಾರು ೨೫ ಕೋಟಿ ನರಕೋಶಗಳಿವೆಯೆಂದು ೨೦೧೭ರಲ್ಲಿ ಪ್ರಕಟವಾದ ಒಂದು ಎಣಿಕೆ ತಿಳಿಸುತ್ತದೆ. ಪ್ರತಿಯೊಂದು ನರಕೋಶವೂ ಒಂದು ಪುಟ್ಟ ವಿದ್ಯುತ್ಕೋಶ. ಕೋಶದ ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು, ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು. ಈ ಅಸಮತೆಯ ಫಲವಾಗಿ ಕೋಶದ ಪೊರೆಯ ಎರಡು ಬದಿಗಳ ನಡುವೆ ಸುಮಾರು ೭೦ ಮಿಲಿವೋಲ್ಟುಗಳಷ್ಟು ವಿಭವಾಂತರ ಇರುತ್ತದೆ. ಒಳಬದಿ ಋಣ, ಹೊರಬದಿ ಧನ.

೭೦ ಮಿಲಿವೋಲ್ಟು ಎಂದರೆ ಅಲ್ಪವೆನಿಸಬಹುದು. ಕೈದೀಪದ ಒಂದು ಕೋಶದ ಒಂದೂವರೆ ವೋಲ್ಟಿನ ಇಪ್ಪತ್ತರಲ್ಲಿ ಒಂದು ಪಾಲು. ಆದರೆ ಪೊರೆಯ ದಪ್ಪ ಕೇವಲ ಏಳೆಂಟು ನ್ಯಾನೋಮೀಟರು. ವಿಭವಾಂತರವನ್ನು ದಪ್ಪದಿಂದ ಭಾಗಿಸಿ ನೋಡಿ: ಒಂದು ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟುಗಳ ವಿದ್ಯುತ್‌ಕ್ಷೇತ್ರ ದೊರೆಯುತ್ತದೆ. ಒಣಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ೩೦ ಲಕ್ಷ ವೋಲ್ಟು ಸಾಕು! ನಮ್ಮ ತಲೆಯೊಳಗಿನ ಪ್ರತಿಯೊಂದು ಪೊರೆಯೂ ಮಿಂಚಿನ ಮೋಡಕ್ಕಿಂತ ಬಲವಾದ ಕ್ಷೇತ್ರವನ್ನು ಹೊತ್ತು ನಿಂತಿದೆ.

ನರಕೋಶ ಕೆಲಸಮಾಡುವಾಗ ಈ ಪೊರೆಯಲ್ಲಿನ ಸೋಡಿಯಂ ಬಾಗಿಲುಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ತೆರೆಯುತ್ತವೆ. ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಬೆನ್ನಲ್ಲೇ ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ. ಈ ಏರಿಳಿತವೇ ನರದ ಸಂದೇಶ. ಇದರ ಗಣಿತವನ್ನು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ೧೯೫೨ರಲ್ಲಿ ಪ್ರಕಟಿಸಿ ೧೯೬೩ರಲ್ಲಿ ನೊಬೆಲ್ ಬಹುಮಾನ ಪಡೆದರು. ಒಳಗೆ ಬಂದ ಸೋಡಿಯಂ ಅನ್ನು ಹೊರಗಟ್ಟಿ ಪೊಟ್ಯಾಸಿಯಂ ಅನ್ನು ಮರಳಿ ತರುವ ಕೆಲಸಕ್ಕೆ ಪೊರೆಯಲ್ಲಿ ಒಂದು ಅಯಾನುಪಂಪು ಇದೆ. ಪ್ರತಿಸಾರಿಯೂ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ೧೯೫೭ರಲ್ಲಿ ಇದನ್ನು ಬೆಳಕಿಗೆ ತಂದನು. ಈ ಪಂಪು ಬಿಟ್ಟಿಯಾಗಿ ನಡೆಯುವುದಿಲ್ಲ. ಮಿದುಳು ಸೇವಿಸುವ ಶಕ್ತಿಯ ಬಹುಭಾಗ ಇದಕ್ಕೇ ವೆಚ್ಚವಾಗುತ್ತದೆ.

ಎಲ್ಲರೂ ಒಮ್ಮೆಗೇ ಚಪ್ಪಾಳೆ ತಟ್ಟಿದಾಗ

ಜಾತ್ರೆಯ ಜನಸಂದಣಿಯಲ್ಲಿ ಸಾವಿರಾರು ಜನ ತಮ್ಮ ತಮ್ಮ ಮಾತಾಡುತ್ತಿದ್ದರೆ ದೂರಕ್ಕೆ ಕೇಳುವುದು ಗಜಿಬಿಜಿ ಮಾತ್ರ. ಅವರೆಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿದರೆ ಊರೇ ನಡುಗುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಹತ್ತು ಸಾವಿರ ಮೂಲಗಳು ಒಂದಕ್ಕೊಂದು ಹೊಂದಿಕೆಯಿಲ್ಲದೆ ಮಿಡಿದರೆ ಅವುಗಳ ಒಟ್ಟು ಪಾರ ಹತ್ತು ಸಾವಿರದ ವರ್ಗಮೂಲದಷ್ಟು, ಅಂದರೆ ನೂರರಷ್ಟು. ಒಂದೇ ಕಾಲಕ್ಕೆ ಮಿಡಿದರೆ ಪೂರ್ತಿ ಹತ್ತು ಸಾವಿರದಷ್ಟು. ಸಹಜ ಮಿದುಳು ಜಾತ್ರೆಯ ಗಜಿಬಿಜಿಯಂತೆ. ಸೆಳವು ಒಂದೇ ತಾಳದ ಚಪ್ಪಾಳೆಯಂತೆ. ಅಲ್ಲಿ ಸದ್ದು ಬಹಳ, ಅರ್ಥ ಮಾತ್ರ ಇಲ್ಲ. ಆದುದರಿಂದಲೇ ಸ್ನಾಯುಗಳು ಉದ್ದೇಶವಿಲ್ಲದೆ ಸೆಟೆದು ಬಡಿದುಕೊಳ್ಳುತ್ತವೆ.

ಸೆಳವು ವಿದ್ಯುತ್ತಿನ ವ್ಯಾಪಾರ ಎಂಬ ಊಹೆ ಹಳೆಯದು. ಲಂಡನ್ನಿನ ವೈದ್ಯ ರಾಬರ್ಟ್ ಬೆಂಟ್ಲಿ ಟಾಡ್ ತನ್ನ ಸಮಕಾಲೀನನಾದ ಫ್ಯಾರಡೆಯ ವಿಚಾರಗಳಿಂದ ಪ್ರಭಾವಿತನಾಗಿ ೧೮೪೯ರಲ್ಲಿಯೇ ಇದನ್ನು ಸೂಚಿಸಿದ್ದನು. ಸೆಳವು ನಿಂತ ಮೇಲೆ ಕೆಲಕಾಲ ಒಂದು ಕೈಯೋ ಕಾಲೋ ನಿಶ್ಚೇಷ್ಟಿತವಾಗಿ ಉಳಿಯುವುದನ್ನು ವಿವರಿಸಿದವನೂ ಅವನೇ. ಅದಕ್ಕೆ ಇಂದಿಗೂ ಟಾಡ್‌ನ ಪಾರ್ಶ್ವವಾಯು ಎಂಬ ಹೆಸರಿದೆ. ೧೮೭೩ರಲ್ಲಿ ಹ್ಯೂಲಿಂಗ್ಸ್ ಜ್ಯಾಕ್‌ಸನ್, ಸೆಳವೆಂದರೆ ಮಿದುಳಿನ ಬೂದುಪದಾರ್ಥದ ಹಠಾತ್ತಾದ, ಮಿತಿಮೀರಿದ ವಿಸರ್ಜನೆ ಎಂದು ವ್ಯಾಖ್ಯೆ ಕೊಟ್ಟನು. ಮಿದುಳಿನ ವಿದ್ಯುತ್ತನ್ನು ೧೮೭೫ರಲ್ಲಿ ರಿಚರ್ಡ್ ಕೇಟನ್ ಮೊಲ ಮತ್ತು ಮಂಗಗಳಲ್ಲಿ ಅಳೆದನು. ಜರ್ಮನಿಯ ಹ್ಯಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ತಲೆಯಿಂದ ಅದನ್ನು ದಾಖಲಿಸಿ ೧೯೨೯ರಲ್ಲಿ ಪ್ರಕಟಿಸಿದನು. ಊಹೆ ಹೀಗೆ ಕಾಗದದ ಮೇಲಿನ ಗೆರೆಯಾಯಿತು.

ಬಿರುಗಾಳಿಯ ಹಿಂದಿನ ಮೌನ

ಸೆಳವು ಒಂದೆರಡು ನಿಮಿಷಗಳಲ್ಲಿ ನಿಲ್ಲುವುದೇಕೆ? ನಿಂತ ಮೇಲೆ ಮಿದುಳು ಕೂಡಲೇ ಸರಿಹೋಗದಿರುವುದೇಕೆ? ಜ್ಯಾಕ್‌ಸನ್ ಹೇಳಿದ ಉತ್ತರ: ನರಕೋಶಗಳು ಬಳಲಿಹೋಗುತ್ತವೆ. ಆತನ ಕಿರಿಯ ಸಮಕಾಲೀನ ಗೋವರ್ಸ್ ಹೇಳಿದ ಉತ್ತರ: ಅವು ಬಳಲುವುದಿಲ್ಲ, ತಡೆಹಿಡಿಯಲ್ಪಡುತ್ತವೆ. ನೂರು ವರ್ಷಕ್ಕೂ ಮಿಕ್ಕ ಶೋಧನೆಯ ಬಳಿಕ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆಯೆಂದು ಕಂಡುಬಂದಿದೆ.

ಮೊದಲು ಬಳಲಿಕೆಯನ್ನು ನೋಡೋಣ. ಎಲ್ಲ ಕೋಶಗಳೂ ಬಿಡುವಿಲ್ಲದೆ ಮಿಡಿದಾಗ ಹೊರಕ್ಕೆ ಹರಿದ ಪೊಟ್ಯಾಸಿಯಂ ಕೋಶಗಳ ನಡುವಣ ಕಿರಿದಾದ ಸಂದುಗಳಲ್ಲಿ ಕೂಡಿಕೊಳ್ಳುತ್ತದೆ. ಜರ್ಮನಿಯ ಹೈನ್‌ಮನ್ ಮತ್ತು ಲುಕ್ಸ್ ಎಂಬುವರು ೧೯೭೦ರ ದಶಕದಲ್ಲಿ ಇದನ್ನು ಬೆಕ್ಕಿನ ಮಿದುಳಿನಲ್ಲಿಯೇ ಅಳೆದರು. ಸಹಜವಾಗಿ ಒಂದು ಲೀಟರಿಗೆ ೩ ಮಿಲಿಮೋಲುಗಳಷ್ಟಿರುವ ಪೊಟ್ಯಾಸಿಯಂ ೧೦ ರಿಂದ ೧೨ ಮಿಲಿಮೋಲುಗಳವರೆಗೆ ಏರಿ ಅಲ್ಲಿ ನಿಲ್ಲುತ್ತದೆ. ರಸಾಯನಶಾಸ್ತ್ರದ ತರಗತಿಯಲ್ಲಿ ನರ್ನ್‌ಸ್ಟ್ ಸಮೀಕರಣವನ್ನು ಓದಿದ ವಿದ್ಯಾರ್ಥಿಗಳು ಇದರ ಪರಿಣಾಮವನ್ನು ತಾವೇ ಲೆಕ್ಕಹಾಕಬಹುದು. ಬೆಕ್ಕಿನ ಮೈಯ ಉಷ್ಣತೆಯಲ್ಲಿ ಸಾಂದ್ರತೆ ಹತ್ತರಷ್ಟು ಬದಲಾದರೆ ವಿಭವ ಸುಮಾರು ೬೨ ಮಿಲಿವೋಲ್ಟು ಬದಲಾಗುತ್ತದೆ. ೩ ರಿಂದ ೧೦ಕ್ಕೆ ಏರಿದಾಗ ಪೊಟ್ಯಾಸಿಯಂ ವಿಭವದಲ್ಲಿ ೬೨ ಗುಣಿಲೆ ೦.೫೨, ಅಂದರೆ ಸುಮಾರು ೩೨ ಮಿಲಿವೋಲ್ಟು ನಷ್ಟವಾಗುತ್ತದೆ. ವಿದ್ಯುತ್ಕೋಶ ಅರ್ಧಕ್ಕರ್ಧ ಇಳಿದುಹೋದಂತೆಯೇ ಸರಿ.

ಇನ್ನು ತಡೆ. ಸೆಳವು ನಿಲ್ಲುತ್ತಿದ್ದಂತೆ ಅಯಾನುಪಂಪುಗಳು ಪೂರ್ಣಬಲದಿಂದ ದುಡಿಯತೊಡಗುತ್ತವೆ. ಮೂರಕ್ಕೆ ಎರಡರಂತೆ ವಿನಿಮಯ ನಡೆಯುವುದರಿಂದ ಕೋಶದ ಒಳಬದಿ ಸಹಜಕ್ಕಿಂತಲೂ ಹೆಚ್ಚು ಋಣವಾಗುತ್ತದೆ. ಅಂತಹ ಕೋಶವನ್ನು ಎಚ್ಚರಿಸುವುದು ಕಷ್ಟ. ಜತೆಗೆ, ಶಕ್ತಿ ವೆಚ್ಚವಾದಾಗ ಉಳಿಯುವ ಅಡಿನೋಸಿನ್ ಎಂಬ ವಸ್ತು ಕೂಡಿಕೊಂಡು ನರಕೋಶಗಳ ಬಾಯಿ ಮುಚ್ಚಿಸುತ್ತದೆ. ನಾವು ದಿನವಿಡೀ ದುಡಿದಾಗ ನಿದ್ರೆ ತರುವ ವಸ್ತುಗಳಲ್ಲಿ ಇದೂ ಒಂದು. ಕಾಫಿ ಕುಡಿದಾಗ ನಿದ್ರೆ ಹಾರುವುದು ಕಾಫಿಯ ಕೆಫೀನ್ ಇದೇ ಅಡಿನೋಸಿನ್ನಿನ ದಾರಿಗೆ ಅಡ್ಡನಿಲ್ಲುವುದರಿಂದ. ಸೆಳವು ಕಳೆದ ಬೆಕ್ಕು ಏಕೆ ಅಷ್ಟು ನಿದ್ರಿಸುತ್ತದೆಂಬುದು ಈಗ ತಿಳಿಯಿತಲ್ಲವೆ?

೨೦೧೬ರಲ್ಲಿ ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾನಿಲಯದ ಸಂಶೋಧಕರು ಮೂರನೆಯ ಸಂಗತಿಯೊಂದನ್ನು ಸೇರಿಸಿದರು. ಸೆಳವಿನ ಬಳಿಕ ಮಿದುಳಿನ ಆ ಭಾಗದ ರಕ್ತನಾಳಗಳು ಬಿಗಿದುಕೊಂಡು, ಒಂದು ಗಂಟೆಯಷ್ಟು ಕಾಲ ಅಲ್ಲಿ ಆಮ್ಲಜನಕದ ಅಭಾವ ಉಂಟಾಗುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ನೋವುನಿವಾರಕ ವರ್ಗದ ಕೆಲವು ಮದ್ದುಗಳು ಇದನ್ನು ತಡೆದವು. ಇದನ್ನು ಓದಿ ಯಾರೂ ಮನೆಯ ಬೆಕ್ಕಿಗೆ ನೋವಿನ ಮಾತ್ರೆ ಕೊಡಬಾರದು. ಪ್ಯಾರಸಿಟಮಾಲ್ ಅನ್ನು ಅರಗಿಸಿ ಹೊರಹಾಕುವ ರಾಸಾಯನಿಕ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಇಲ್ಲ. ನಮಗೆ ಜ್ವರ ಇಳಿಸುವ ಮಾತ್ರೆ ಬೆಕ್ಕಿಗೆ ಮೃತ್ಯುವಾಗಬಲ್ಲದು.

ಬೀದಿ ಬೀದಿಗೂ ಬೇರೆ ಹೊತ್ತಿಗೆ ಬರುವ ಬೆಳಕು

ಘಟಪ್ರಭೆಯ ತೀರದವರಿಗೆ ವಿದ್ಯುತ್ತಿನ ಪರಿಚಯ ಹೊಸದಲ್ಲ. ನದಿ ೫೨ ಮೀಟರು ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲವನ್ನು ೧೮೮೭ರಲ್ಲಿಯೇ ಹತ್ತಿಯ ಗಿರಣಿಗೆ ಹೂಡಲಾಗಿತ್ತು. ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಸ್ಥಾಪನೆಯಾಯಿತು. ವಿದ್ಯುತ್ ಹೋಗಿ ಬರುವ ಕ್ರಮವನ್ನು ಇಲ್ಲಿಯ ರೈತರು ಚೆನ್ನಾಗಿ ಬಲ್ಲರು. ದೊಡ್ಡ ಸಿಡಿಲಿಗೆ ಉಪಕೇಂದ್ರ ಕಡಿದುಕೊಂಡರೆ, ದುರಸ್ತಿಯಾದ ಮೇಲೂ ಎಲ್ಲ ಊರುಗಳಿಗೂ ಒಂದೇ ಕ್ಷಣದಲ್ಲಿ ಬೆಳಕು ಬರುವುದಿಲ್ಲ. ಒಮ್ಮೆಗೇ ಎಲ್ಲ ಪಂಪುಗಳನ್ನೂ ಎಳೆದರೆ ಜಾಲ ಮತ್ತೆ ಕುಸಿಯುತ್ತದೆ. ಆದುದರಿಂದ ಒಂದೊಂದೇ ಮಾರ್ಗಕ್ಕೆ ಸರಬರಾಜು ಕೊಡುತ್ತಾರೆ. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತದ ಜಾಲ ಕುಸಿದಾಗಲೂ ಹೀಗೆಯೇ ಹಂತಹಂತವಾಗಿ ಚೇತರಿಸಿಕೊಂಡಿತು. ಹೀಗೆ ಒಂದು ಬೀದಿಯಲ್ಲಿ ದೀಪ ಉರಿಯುತ್ತಿರುವಾಗ ಇನ್ನೊಂದು ಬೀದಿ ಕತ್ತಲಲ್ಲಿರುತ್ತದೆ.

ಸೆಳವು ಕಳೆದ ಮಿದುಳಿನ ಸ್ಥಿತಿಯೂ ಇದೇ. ಯಾವ ಬೀದಿ ಯಾವುದು ಎಂಬುದನ್ನು ವಿಜ್ಞಾನ ಬಹುಮಟ್ಟಿಗೆ ಬೆಕ್ಕಿನಿಂದಲೇ ಕಲಿತಿತೆಂಬುದು ಇಲ್ಲಿ ಸ್ವಾರಸ್ಯದ ಸಂಗತಿ.

ಎಚ್ಚರದ ಕೇಂದ್ರವನ್ನು ಮೊದಲು ನೋಡೋಣ. ೧೯೪೯ರಲ್ಲಿ ಮೊರೂಟ್ಸಿ ಮತ್ತು ಮಗೂನ್ ಬೆಕ್ಕಿನ ಮಿದುಳಕಾಂಡದಲ್ಲಿರುವ ಜಾಲಾಕಾರದ ಅಂಗಾಂಶವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಮಿದುಳಿನ ನಿಧಾನವಾದ ನಿದ್ರಾತರಂಗಗಳು ಕೂಡಲೇ ಎಚ್ಚರದ ತರಂಗಗಳಾದವು. ಈ ಭಾಗ ಮಂಕಾಗಿರುವವರೆಗೆ ಬೆಕ್ಕು ಕಣ್ಣು ತೆರೆದಿದ್ದರೂ ಮಂಪರಿನಲ್ಲಿರುತ್ತದೆ.

ಎರಡನೆಯದು ದೃಷ್ಟಿ. ಕಣ್ಣು ಬರಿಯ ಕಿಟಕಿ. ನೋಡುವುದು ಮಿದುಳಿನ ಹಿಂಭಾಗದ ಹೊರಪದರ. ಅಲ್ಲಿಯ ಒಂದೊಂದು ನರಕೋಶವೂ ಒಂದು ನಿರ್ದಿಷ್ಟ ಓರೆಯ ಗೆರೆಗೆ ಮಾತ್ರ ಮಿಡಿಯುತ್ತದೆಂಬುದನ್ನು ಹ್ಯೂಬೆಲ್ ಮತ್ತು ವೀಸೆಲ್ ೧೯೫೯ರಲ್ಲಿ ಬೆಕ್ಕಿನಲ್ಲಿಯೇ ತೋರಿಸಿದರು. ೧೯೮೧ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಸೆಳವಿನ ಬಳಿಕ ಈ ಪದರ ಮೌನವಾಗಿದ್ದರೆ ಕಣ್ಣು ನೆಟ್ಟಗಿದ್ದೂ ಬೆಕ್ಕಿಗೆ ಕಾಣಿಸುವುದಿಲ್ಲ. ಪಾಪೆ ಬೆಳಕಿಗೆ ಕುಗ್ಗಬಹುದು. ಆ ಪ್ರತಿಕ್ರಿಯೆಯ ಕೇಂದ್ರ ಮಿದುಳಕಾಂಡದಲ್ಲಿದೆ. ಆದರೂ ಪ್ರಾಣಿ ಗೋಡೆಗೆ ಹಾಯುತ್ತದೆ. ಕುರುಡಾಯಿತೆಂದು ಎದೆಗುಂದಬೇಕಾಗಿಲ್ಲ; ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ದೃಷ್ಟಿ ಮರಳುತ್ತದೆ.

ಮೂರನೆಯದು ಕೋಪ ಮತ್ತು ಹಸಿವು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ವಾಲ್ಟರ್ ಹೆಸ್ ಎಂಬಾತ ಬೆಕ್ಕುಗಳ ಮಿದುಳಿನ ಆಳಕ್ಕೆ ಸೂಕ್ಷ್ಮವಾದ ತಂತಿಗಳನ್ನು ಇಳಿಸಿ, ಅವು ಎಚ್ಚರವಾಗಿ ಓಡಾಡುತ್ತಿರುವಾಗಲೇ ಮೆಲುವಾದ ವಿದ್ಯುತ್ತನ್ನು ಹರಿಸಿದನು. ತಂತಿಯ ತುದಿ ಒಂದೆಡೆ ಇದ್ದರೆ ಸಾಧು ಬೆಕ್ಕು ಕೂದಲು ನಿಮಿರಿಸಿ ಮೇಲೆರಗಿತು. ಇನ್ನೊಂದೆಡೆ ಇದ್ದರೆ ಕಂಡಕಂಡದ್ದನ್ನು ತಿನ್ನತೊಡಗಿತು. ಮತ್ತೊಂದೆಡೆ ಇದ್ದರೆ ಮುದುಡಿಕೊಂಡು ನಿದ್ರೆಹೋಯಿತು. ೧೯೪೯ರ ನೊಬೆಲ್ ಬಹುಮಾನದಲ್ಲಿ ಹೆಸ್ ಪಾಲು ಪಡೆದನು. ಇದಕ್ಕೂ ಮುಂಚೆ, ೧೯೨೮ರಲ್ಲಿ ಫಿಲಿಪ್ ಬಾರ್ಡ್, ಮೇಲುಮಿದುಳಿನ ಹತೋಟಿ ತಪ್ಪಿದ ಬೆಕ್ಕು ಮೆಲ್ಲನೆ ಮುಟ್ಟಿದರೂ ಉಗ್ರವಾಗಿ ಕೆರಳುವುದನ್ನು ತೋರಿಸಿದ್ದನು. ಇದಕ್ಕೆ ಹುಸಿಕೋಪ ಎಂದು ಹೆಸರಾಯಿತು.

ಈ ಶೋಧನೆಗಳನ್ನು ಕೂಡಿಸಿ ನೋಡಿದರೆ ಉತ್ತರಾವಸ್ಥೆಯ ಬೆಕ್ಕು ಒಗಟಾಗಿ ಉಳಿಯುವುದಿಲ್ಲ. ಆಳದ ಕೇಂದ್ರಗಳು ಮೊದಲು ಚೇತರಿಸಿಕೊಂಡು, ಅವನ್ನು ಆಳುವ, ಗುರುತು ಹಿಡಿಯುವ, ನೆನಪಿಡುವ ಮೇಲಿನ ಭಾಗಗಳು ಇನ್ನೂ ಕತ್ತಲಲ್ಲಿದ್ದರೆ, ಕೋಪವಿದೆ, ಅದನ್ನು ತಡೆಯುವವರಿಲ್ಲ, ಹಸಿವಿದೆ, ಸಾಕೆನ್ನುವವರಿಲ್ಲ, ಕಾಲು ನಡೆಯುತ್ತದೆ, ದಾರಿ ತಿಳಿಯದು. ಎದುರಿಗೆ ಬಂದ ಕೈ ತನ್ನ ಒಡತಿಯದೆಂದು ಅದಕ್ಕೆ ಅರಿವಾಗುವುದಿಲ್ಲ. ಗುರುತಿಲ್ಲದ ಲೋಕದಲ್ಲಿ ದೊಡ್ಡ ಆಕೃತಿಯೊಂದು ತನ್ನತ್ತ ಬಾಗಿದಾಗ ಸಣ್ಣ ಪ್ರಾಣಿ ಉಗುರು ಚಾಚುವುದು ಸಹಜವೇ. ಅದರಲ್ಲಿ ದ್ವೇಷವೂ ಇಲ್ಲ, ಕೃತಘ್ನತೆಯೂ ಇಲ್ಲ.

ಸೆಳವನ್ನು ಎಬ್ಬಿಸುವ ಕಾರಣಗಳು

ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು ಅಥವಾ ಗಂತಿ, ಯಕೃತ್ತಿನ ದೋಷ, ರಕ್ತದಲ್ಲಿ ಸಕ್ಕರೆಯ ಕೊರತೆ, ಮುದಿಬೆಕ್ಕುಗಳಲ್ಲಿ ರಕ್ತದ ಒತ್ತಡ ಮೊದಲಾದುವು ಸೆಳವಿಗೆ ಕಾರಣವಾಗಬಹುದು. ಎಷ್ಟೋ ವೇಳೆ ಕಾರಣವೇ ದೊರೆಯುವುದಿಲ್ಲ.

ವಿಚಿತ್ರವಾದ ಕಾರಣವೊಂದು ಶಬ್ದ. ಮನುಷ್ಯನಿಗೆ ಸೆಕೆಂಡಿಗೆ ೨೦ ಸಾವಿರ ಕಂಪನಗಳವರೆಗಿನ ಶಬ್ದ ಕೇಳಿಸಿದರೆ, ಬೆಕ್ಕಿಗೆ ೬೦ ಸಾವಿರಕ್ಕೂ ಮಿಕ್ಕ ಕಂಪನಗಳ ಶಬ್ದ ಕೇಳಿಸುತ್ತದೆ. ಇಲಿಮರಿಗಳ ಕೀರಲು ದನಿ ಆ ಎತ್ತರದಲ್ಲಿಯೇ ಇದೆ. ಬ್ರಿಟನ್ನಿನ ಪಶುವೈದ್ಯರು ೨೦೧೫ರಲ್ಲಿ ೯೬ ಬೆಕ್ಕುಗಳ ವೃತ್ತಾಂತವನ್ನು ಪ್ರಕಟಿಸಿದರು. ಲೋಹದ ಚಮಚ ಪಿಂಗಾಣಿ ಬಟ್ಟಲಿಗೆ ತಾಗಿದ ಸದ್ದು, ಅಲ್ಯುಮಿನಿಯಂ ಹಾಳೆ ಮುದುಡಿದ ಸದ್ದು ಮುಂತಾದ ಚೂಪುದನಿಗಳಿಂದಲೇ ಅವಕ್ಕೆ ಸೆಳವು ಬರುತ್ತಿತ್ತು. ಅವುಗಳಲ್ಲಿ ಹೆಚ್ಚಿನವು ಮುದಿಬೆಕ್ಕುಗಳು.

ಹೊರಗಿನ ಒಂದು ಸ್ಪರ್ಶವೋ ಸದ್ದೋ ಸೆಳವನ್ನು ಎಬ್ಬಿಸುವುದು ಬೆಕ್ಕಿಗೆ ಮಾತ್ರ ಸಂಬಂಧಿಸಿದುದಲ್ಲ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಅಪಸ್ಮಾರ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದೆ. ಬೆಂಗಳೂರಿನಿಂದ ೧೯೬೮ರಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇದನ್ನು ವರದಿಮಾಡಿದರು. ೧೯೮೮ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ೨೭೯ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ನೀರಿನ ಬಿಸಿಯನ್ನು ಇಳಿಸುವುದೇ ಅನೇಕರಿಗೆ ಮೊದಲ ಚಿಕಿತ್ಸೆ. ಬೆಕ್ಕಿನ ವಿಷಯದಲ್ಲಿಯೂ ಸೆಳವಿನ ಮುನ್ನ ಏನು ನಡೆಯಿತೆಂದು ಗಮನಿಸಿದರೆ ಕೆಲವೊಮ್ಮೆ ಪರಿಹಾರ ಅಲ್ಲಿಯೇ ದೊರೆಯುತ್ತದೆ.

ಕೃಷಿಯ ನಾಡಿನಲ್ಲಿ ಎಲ್ಲಕ್ಕಿಂತ ಮೊದಲು ಶಂಕಿಸಬೇಕಾದುದು ವಿಷ. ಇಲಿಗಳಿಗೆ ಇಡುವ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಬೆಳೆಗೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರಗಳ ಸಂದೇಶವಾಹಕ ವಸ್ತು ಕರಗದಂತೆ ಮಾಡಿ ಜೊಲ್ಲು, ನಡುಕ, ಸೆಳವುಗಳನ್ನು ತರುತ್ತವೆ. ನಾಯಿಯ ಚಿಗಟ ನಿವಾರಿಸಲು ಮಾರುವ ಪರ್ಮೆಥ್ರಿನ್ ಬೆಕ್ಕಿಗೆ ಘೋರವಾದುದು. ಮೇಲೆ ಹೇಳಿದ ಸೋಡಿಯಂ ಬಾಗಿಲುಗಳು ಮುಚ್ಚಿಕೊಳ್ಳದಂತೆ ಅದು ತಡೆಯುತ್ತದೆ. ನಾಯಿಗೆ ಹಚ್ಚಿದ ಔಷಧಿ ಉಳಿಯಿತೆಂದು ಬೆಕ್ಕಿಗೆ ಹಚ್ಚುವ ಮಿತವ್ಯಯ ಪ್ರಾಣಾಂತಕ. ವಿಷದ ಶಂಕೆ ಇದ್ದಲ್ಲಿ ಕಾಯುತ್ತ ಕೂರದೆ, ಔಷಧಿಯ ಡಬ್ಬಿಯನ್ನೋ ಪೊಟ್ಟಣವನ್ನೋ ಜತೆಗೆ ತೆಗೆದುಕೊಂಡು ಪಶುವೈದ್ಯರ ಬಳಿಗೆ ಧಾವಿಸಬೇಕು.

ಹುಚ್ಚೋ, ಸೆಳವೋ?

ಬೆಕ್ಕಿಗೆ ಹುಚ್ಚು ಹಿಡಿದಿದೆ ಎಂಬ ಅಂಜಿಕೆ ನಿರಾಧಾರವಾದುದಲ್ಲ. ರೇಬೀಸ್ ರೋಗ ಬೆಕ್ಕಿಗೂ ತಗಲುತ್ತದೆ. ಅದರಲ್ಲಿಯೂ ಕೋಪ, ಜೊಲ್ಲು, ಸೆಳವುಗಳು ಕಾಣಿಸಿಕೊಳ್ಳುತ್ತವೆ. ಭೇದವಿರುವುದು ಕಾಲಗತಿಯಲ್ಲಿ. ಉತ್ತರಾವಸ್ಥೆ ಗಂಟೆ ಗಂಟೆಗೂ ಸುಧಾರಿಸುತ್ತ ಹೋಗುತ್ತದೆ. ರೇಬೀಸ್ ದಿನ ದಿನಕ್ಕೂ ಉಲ್ಬಣಿಸಿ, ನುಂಗಲಾಗದೆ, ಕಾಲು ಬಿದ್ದು, ಕೆಲವೇ ದಿನಗಳಲ್ಲಿ ಪ್ರಾಣಿಯ ಮರಣದಲ್ಲಿ ಮುಗಿಯುತ್ತದೆ. ಬೆಕ್ಕಿಗೆ ಲಸಿಕೆ ಹಾಕಿಸಿದ್ದರೆ ಅಂಜಿಕೆ ಬಹಳ ಮಟ್ಟಿಗೆ ಕಡಮೆ.

ಆದರೆ ಈ ಭೇದವನ್ನು ನಂಬಿ ಮನುಷ್ಯನ ಪ್ರಾಣವನ್ನು ಪಣಕ್ಕೆ ಒಡ್ಡಬಾರದು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾರದಪುಡಿಗಳನ್ನು ಮೆತ್ತಬಾರದು. ಬೆಕ್ಕನ್ನು ೧೦ ದಿನ ಕಣ್ಣಿಟ್ಟು ನೋಡಬೇಕು. ಆದರೆ ಲಸಿಕೆಯನ್ನು ಆ ೧೦ ದಿನ ಮುಂದೂಡಬಾರದು. ಪಾಶ್ಚರ್ ೧೮೮೫ರಲ್ಲಿ ತೋರಿಸಿಕೊಟ್ಟ ದಾರಿ ರೋಗ ಕಾಣಿಸಿಕೊಳ್ಳುವ ಮುನ್ನ ಮಾತ್ರ ತೆರೆದಿರುತ್ತದೆ. ಬೆಕ್ಕನ್ನು ಕೊಂದು ಎಸೆದರೆ ಕಣ್ಣಿಟ್ಟು ನೋಡುವ ಅವಕಾಶವೂ ತಪ್ಪಿಹೋಗುತ್ತದೆ.

ಮನೆಯವರ ಕರ್ತವ್ಯ

ಮೇಲಿನ ವಿವರಣೆಯಿಂದ ಮಾಡಬೇಕಾದುದೇನೆಂಬುದು ತಾನಾಗಿಯೇ ಹೊರಡುತ್ತದೆ. ಸೆಳವಿನ ಹೊತ್ತಿನಲ್ಲಿ ಬೆಕ್ಕನ್ನು ಅದುಮಿ ಹಿಡಿಯಬಾರದು. ಬಾಯಿಗೆ ಬೆರಳನ್ನಾಗಲಿ ನೀರನ್ನಾಗಲಿ ಹಾಕಬಾರದು. ಅದು ನಾಲಗೆಯನ್ನು ನುಂಗುವುದಿಲ್ಲ. ನುಗ್ಗಿದ ನೀರು ಮಾತ್ರ ಶ್ವಾಸಕೋಶಕ್ಕೆ ಇಳಿಯಬಹುದು. ಒಲೆ, ಮೆಟ್ಟಿಲು, ನೀರಿನ ತೊಟ್ಟಿಗಳಿಂದ ದೂರವಿರುವಂತೆ ನೋಡಿಕೊಂಡರೆ ಸಾಕು. ಗಡಿಯಾರ ನೋಡಬೇಕು, ಭಯಪಟ್ಟವರಿಗೆ ಒಂದು ನಿಮಿಷ ಹತ್ತು ನಿಮಿಷವಾಗಿ ತೋರುತ್ತದೆ. ಸೆಳವು ೫ ನಿಮಿಷ ಮೀರಿದರೆ, ಅಥವಾ ಒಂದೇ ದಿನದಲ್ಲಿ ಎರಡು ಸಾರಿ ಬಂದರೆ, ಅಥವಾ ಎರಡು ಸೆಳವುಗಳ ನಡುವೆ ಪ್ರಾಣಿ ಚೇತರಿಸಿಕೊಳ್ಳದಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ದೂರವಾಣಿಯ ಕ್ಯಾಮೆರಾದಲ್ಲಿ ಸೆಳವಿನ ಚಿತ್ರ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಬಹಳ ನೆರವಾಗುತ್ತದೆ, ಏಕೆಂದರೆ ಅವರ ಮುಂದೆ ಬೆಕ್ಕು ಬಹುಶಃ ಏನೂ ಆಗದಂತೆ ಕುಳಿತಿರುತ್ತದೆ.

ಉತ್ತರಾವಸ್ಥೆಯಲ್ಲಿ ಬೇಕಾದುದು ಕತ್ತಲೆ, ಮೌನ ಮತ್ತು ಕಾಲ. ದೀಪ ಆರಿಸಿ, ಮಕ್ಕಳನ್ನೂ ನಾಯಿಯನ್ನೂ ಹೊರಗಿಟ್ಟು, ಕೋಣೆಯ ಬಾಗಿಲನ್ನು ಮುಂದೆ ಮಾಡಿ ಬಿಡಬೇಕು. ದೂರದಿಂದ ಮೆಲುದನಿಯಲ್ಲಿ ಮಾತಾಡಿಸಬಹುದು; ಮುಟ್ಟುವ ಅವಸರ ಬೇಡ. ತಾನಾಗಿ ಬಳಿ ಬಂದು ಮೈ ತಿಕ್ಕಿದಾಗ ಅದರ ಮಿದುಳಿನ ಕಡೆಯ ಬೀದಿಗೂ ದೀಪ ಬಂದಿತೆಂದು ತಿಳಿಯಬಹುದು. ಸ್ಥಿರವಾಗಿ ನಡೆಯಲು, ನುಂಗಲು ಬಂದ ಮೇಲೆ ನೀರು, ಆಹಾರ ಕೊಡಬೇಕು. ಅಪಸ್ಮಾರವೆಂದು ವೈದ್ಯರು ನಿರ್ಧರಿಸಿದರೆ ಬೆಕ್ಕುಗಳಿಗೆ ಸಾಮಾನ್ಯವಾಗಿ ಕೊಡುವ ಮದ್ದು ಫಿನೊಬಾರ್ಬಿಟಾಲ್. ಅದನ್ನು ದಿನವೂ ಹೊತ್ತಿಗೆ ಸರಿಯಾಗಿ ಕೊಡಬೇಕು; ಸೆಳವು ನಿಂ��ಿತೆಂದು ಒಮ್ಮೆಗೇ ನಿಲ್ಲಿಸಿದರೆ ಅದು ಇನ್ನೂ ಬಲವಾಗಿ ಮರುಕಳಿಸುತ್ತದೆ. ಮನುಷ್ಯರ ಮಾತ್ರೆಗಳನ್ನು ಅಳತೆ ಕಡಮೆ ಮಾಡಿ ಕೊಡುವ ಸಾಹಸ ಎಂದೂ ಸಲ್ಲದು.

ಕಡೆಯದಾಗಿ, ಇಲ್ಲಿ ಹೇಳಿದ ನಿಯಮಗಳಲ್ಲಿ ಬಹುಪಾಲು ಮನುಷ್ಯರಿಗೂ ಅನ್ವಯಿಸುತ್ತವೆ. ಬಸ್ ನಿಲ್ದಾಣದಲ್ಲಿಯೋ ತರಗತಿಯಲ್ಲಿಯೋ ಯಾರಾದರೂ ಸೆಳವಿನಿಂದ ಬಿದ್ದರೆ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಮುಷ್ಟಿಯೊಳಗಿನ ಬೀಗದ ಕೈಗೂ ಮಿದುಳಿನ ಪೊಟ್ಯಾಸಿಯಂ ಅಯಾನುಗಳಿಗೂ ಯಾವ ಸಂಬಂಧವೂ ಇಲ್ಲ. ಒಂದೆರಡು ನಿಮಿಷಗಳಲ್ಲಿ ಸೆಳವು ತಾನಾಗಿ ನಿಲ್ಲುವುದನ್ನು ಕಂಡವರು ಕೀರ್ತಿಯನ್ನು ಕಬ್ಬಿಣಕ್ಕೆ ಕೊಟ್ಟಿದ್ದಾರೆ. ಬಿದ್ದವರನ್ನು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಗುಂಪನ್ನು ಸರಿಸಿ, ಗಡಿಯಾರ ನೋಡುತ್ತ ಬಳಿಯಲ್ಲಿರಬೇಕು. ಎದ್ದ ಮೇಲೆ ಅವರು ಅಸಂಬದ್ಧವಾಗಿ ಮಾತಾಡಿದರೆ, ಕೈ ಕೊಸರಿದರೆ, ಗುರುತು ಹಿಡಿಯದಿದ್ದರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಅವರು ಪೂರ್ತಿ ಮರಳುವವರೆಗೆ ಕಾಯಬೇಕು.